ಬಿಟ್ಟು ಹೋಗದವನು

ರೇಡಿಯೋದಲ್ಲಿ ಸಾವಿನ ಸುದ್ದಿಯ ರಾಗ ಶುರುವಾದಾಗ ಸೀಪರ್ಸಾದ್ ಇನ್ನೂ ಎರಡನೆಯ ತುತ್ತಿನಲ್ಲಿದ್ದ. ಕಂಬಗಳ ಮೇಲೆ ನಿಂತ ಮನೆಯ ಕೆಳಗೆ, ಗಾಳಿಯಾಡುವ ನೆರಳಿನಲ್ಲಿ, ಬೆಂಚಿನ ಮೇಲೆ ತಟ್ಟೆಯಿಟ್ಟುಕೊಂಡು ಉಣ್ಣುವುದು ಅವನ ಪದ್ಧತಿ. ಸುದ್ದಿ ದಿನವೂ ಊಟದ ಹೊತ್ತಿಗೇ ಬರುತ್ತಿತ್ತು. ಅಜ್ಜಂದಿರು ಕಬ್ಬಿನ ಕೂಲಿಗೆಂದು ಕಡಲು ದಾಟಿ ಬಂದಿಳಿದ ಈ ಕೊರೆಂಟೈನ್ ತೀರದಲ್ಲಿ ಅದನ್ನು ತಪ್ಪಿಸುವವರಿಲ್ಲ; ಅನ್ನ ಆರಿದರೂ ಚಿಂತೆಯಿಲ್ಲ, ಯಾರು ಹೋದರೆಂದು ತಿಳಿಯಬೇಕು. ಹೆಂಡತಿ ರುಕ್ಮಿನ್ ಸೌಟನ್ನು ಬೇಳೆಯ ಪಾತ್ರೆಯಲ್ಲೇ ಬಿಟ್ಟು ಕಿವಿಗೊಟ್ಟಳು.

ಮೊದಲಿನ ಎರಡು ಹೆಸರು ಪಟ್ಟಣದವರದು. ಮೂರನೆಯದನ್ನು ಸುದ್ದಿ ಓದುವ ಹೆಂಗಸು ಅದೇ ಸಮನಾದ ದನಿಯಲ್ಲಿ ಓದಿದಳು. “ಟೀಚರ್ ಜೋ ಎಂದು ಎಲ್ಲರಿಗೂ ಪರಿಚಿತರಾದ ನಿವೃತ್ತ ಮುಖ್ಯೋಪಾಧ್ಯಾಯ ಜೋಸೆಫ್ ದೇವನರೈನ್ ತೀರಿಕೊಂಡಿದ್ದಾರೆ. ಇವರು ದಿವಂಗತ ಫುಲ್‌ಮತಿಯ ಪತಿ, ಸಿಸ್ಟರ್ ಇಂದ್ರಾ ರಾಂಬರನ್ ಅವರ ತಂದೆ, ಪಾಸ್ಟರ್ ಕೆನೆತ್ ರಾಂಬರನ್ ಅವರ ಮಾವ, ದಿವಂಗತ ಬುಧಿಯಾ ಅವರ ಅಣ್ಣ. ನಾಳೆ ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಮಿಷನ್ ಸ್ಮಶಾನದಲ್ಲಿ ಸಮಾಧಿ.”

ಅಷ್ಟೇ. ಮುಂದಿನ ಹೆಸರು ಬಂತು.

ದೇವನರೈನ್ ಸೀಪರ್ಸಾದನ ಒಡಹುಟ್ಟಿದ ಅಣ್ಣ. ಕಾಲುವೆಯ ಸೇತುವೆ ದಾಟಿದರೆ ಆರನೆಯ ಮನೆ ಅವನದು. ಸತ್ತುಹೋದ ತಂಗಿಯ ಹೆಸರನ್ನು ಹುಡುಕಿ ಸೇರಿಸಿದ್ದರು. ಬದುಕಿರುವ ತಮ್ಮನ ಹೆಸರನ್ನು ಬಿಟ್ಟಿದ್ದರು.

“ನಿಮ್ಮ ಹೆಸರು ಹೇಳ್ಲಿಲ್ಲ,” ಎಂದಳು ರುಕ್ಮಿನ್.

“ಕೇಳಿಸ್ತು.”

“ಸೋಮವಾರ ಹೇಳಿದೆ ನಾನು, ಭಯ್ಯಾನ್ನ ಆಸ್ಪತ್ರೆಗೆ ಸೇರ್ಸಿದಾರಂತೆ, ಹೋಗಿ ಮುಖ ತೋರ್ಸಿ ಬನ್ನಿ ಅಂತ. ಸಾಕು ಅಂತ ಕೈ ಎತ್ತಿದ್ರಿ.”

“ಈಗ ಅದನ್ನ ಹೇಳ್ಬೇಕಾ?”

“ಮತ್ತೆ ಯಾವಾಗ ಹೇಳ್ಲಿ? ನೀವು ಹೋದ್ಮೇಲಾ?”

ಸೀಪರ್ಸಾದ್ ತಟ್ಟೆಯನ್ನು ದೂರ ಸರಿಸಿದ. ಸತ್ತನೆಂಬುದು ಅವನ ಒಳಗೆ ಇನ್ನೂ ಇಳಿದಿರಲಿಲ್ಲ. ಇಳಿದದ್ದು ಕೊನೆಯ ಮಾತು. “ಹೂಳ್ತಾರಂತೆ, ರುಕ್ಮಿನ್. ಭಯ್ಯಾನ್ನ ಮಣ್ಣಿಗೆ ಹಾಕ್ತಾರಂತೆ. ಬೆಂಕಿ ಇಲ್ಲ, ಪಿಂಡ ಇಲ್ಲ,” ಎಂದ. ಕೈ ತೊಳೆದು, ಹೆಗಲಿಗೆ ವಸ್ತ್ರ ಹಾಕಿಕೊಂಡು, ಬಿಸಿಲಿಗಿಳಿದ.

ಅಣ್ಣತಮ್ಮಂದಿರ ಜಗಳ ಊರಿಗೆಲ್ಲ ಗೊತ್ತಿದ್ದದ್ದೇ. ಅಪ್ಪ ಕಬ್ಬಿನ ತೋಟದಲ್ಲಿ ಜ್ವರ ಬಂದು ಸತ್ತಾಗ ದೇವನರೈನ್‌ಗೆ ಹತ್ತೊಂಬತ್ತು, ಸೀಪರ್ಸಾದ್‌ಗೆ ಹದಿನೈದು. ಓದು ಬಲ್ಲ ಹುಡುಗನಿಗೆ ಇದ್ದದ್ದು ಒಂದೇ ಕೆಲಸ, ಮಿಷನ್ ಶಾಲೆಯ ಮೇಷ್ಟ್ರಗಿರಿ. ಅದಕ್ಕೆ ಇದ್ದದ್ದೂ ಒಂದೇ ಬಾಗಿಲು, ಇಗರ್ಜಿಯ ಬಾಗಿಲು. ಒಂದು ಭಾನುವಾರ ಹೋಗಿ ನೆತ್ತಿಗೆ ನೀರು ಹಾಕಿಸಿಕೊಂಡು ಜೋಸೆಫ್ ಆಗಿ ಬಂದ. ಅಮ್ಮ ಅಳಲಿಲ್ಲ, ಕಾಲುವೆಯಲ್ಲಿ ಮುಳುಗಿ ಬಾ ಎಂದು ಕಳಿಸಿ, ಬಂದ ಮೇಲೆ ದಿನದ ತಟ್ಟೆಯಲ್ಲೇ ಬಡಿಸಿದಳು. ಮಂಗಳವಾರ ಅವನು ಹನುಮಂತನಿಗೆ ದೀಪ ಹಚ್ಚುವುದು ತಪ್ಪಲಿಲ್ಲ. ಭಾನುವಾರ ಇಗರ್ಜಿಯ ಬೆಂಚಿನಲ್ಲಿ ಕುಳಿತು ಬರುವುದೂ ತಪ್ಪಲಿಲ್ಲ, ಏಕೆಂದರೆ ಶಾಲೆಯ ಮ್ಯಾನೇಜರು ಹಾಜರಿ ಹಿಡಿಯುತ್ತಿದ್ದ. ಆ ಸಂಬಳದಲ್ಲಿ ಮನೆ ಉಂಡಿತು, ಬುಧಿಯಾಳ ಮದುವೆಯಾಯಿತು, ಸೀಪರ್ಸಾದ್ ಹೊಲಕ್ಕೆ ಹೋಗದೆ ಮುದುಕ ಪಂಡಿತರ ಜಗುಲಿಯಲ್ಲಿ ಕುಳಿತು ಹಿಂದಿಯನ್ನೂ ಮಂತ್ರವನ್ನೂ ಕಲಿತ. ಕಲಿತು ಮಂದಿರದ ಅಧ್ಯಕ್ಷನಾದ.

ಸರಕಾರ ಶಾಲೆಗಳನ್ನು ಇಗರ್ಜಿಗಳ ಕೈಯಿಂದ ತೆಗೆದುಕೊಂಡ ವಾರವೇ ದೇವನರೈನ್ ಬಿಳಿ ಧೋತಿ ಉಟ್ಟು, ಹಿತ್ತಾಳೆ ಚೊಂಬಿನಲ್ಲಿ ನೀರು ಹಿಡಿದು ಮಂದಿರಕ್ಕೆ ಬಂದ. ಊರಿನ ಕಾಲ ಆಗ ಚೆನ್ನಾಗಿರಲಿಲ್ಲ. ಮೈಕು ಕಟ್ಟಿಕೊಂಡು ಹೊಸ ಪಾಸ್ಟರುಗಳು ಬಂದಿದ್ದರು. ತಿಂಗಳಿಗೊಂದು ಮನೆಯ ಅಂಗಳದಲ್ಲಿ ಝಂಡಿಯ ಬಿದಿರು ಮಾಯವಾಗುತ್ತಿತ್ತು; ಪೂಜೆ ಮಾಡಿ ಕೆಂಪು, ಹಳದಿ, ಬಿಳಿ ಬಾವುಟ ಕಟ್ಟಿ ನೆಟ್ಟ ಬಿದಿರನ್ನು ಯಾರೂ ಕೀಳುವಂತಿಲ್ಲ, ಅದು ತಾನಾಗಿ ಬೀಳಬೇಕು, ಆದರೂ ಕೀಳುತ್ತಿದ್ದರು. ಸೀಪರ್ಸಾದ್ ಸಿಟ್ಟಿನಲ್ಲಿ ಮಂದಿರದ ಪುಸ್ತಕದಲ್ಲಿ ತನ್ನ ಕೈಯಾರೆ ನಿಯಮ ಬರೆದಿದ್ದ. ಬೇರೆ ಮತದ ನೀರು ಹಾಕಿಸಿಕೊಂಡವರು ಎಲ್ಲರೆದುರು ತಪ್ಪೊಪ್ಪಿ ಶುದ್ಧಿಯಾಗುವವರೆಗೆ ಅವರಿಗೆ ಮಂದಿರದ ಪೂಜೆಯೂ ಇಲ್ಲ, ಸತ್ತರೆ ಸಂಸ್ಕಾರವೂ ಇಲ್ಲ. ಗೇಟಿನಲ್ಲಿ ಅಣ್ಣನನ್ನು ತಡೆದು ಅದನ್ನೇ ಹೇಳಿದ. ಹಿಂದೆ ನಲವತ್ತು ಜನ ನೋಡುತ್ತಿದ್ದರು.

“ಬಿಟ್ಟು ಹೋಗಿದ್ರೆ ತಾನೇ ಸೀಪಾ, ವಾಪಸ್ ಬರೋದು? ನಾನು ಬಿಟ್ಟು ಹೋಗೇ ಇಲ್ವಲ್ಲೋ,” ಎಂದಿದ್ದ ದೇವನರೈನ್.

“ಅದನ್ನ ಒಳಗೆ ಕೂತು, ಎಲ್ಲರ ಮುಂದೆ ಕೈ ಮುಗಿದು ಹೇಳು, ಜೋಸೆಫ್.”

ತಮ್ಮನ ಬಾಯಲ್ಲಿ ಆ ಹೆಸರು ಬಂದದ್ದು ಅದೇ ಮೊದಲು. ದೇವನರೈನ್ ಚೊಂಬಿನ ನೀರನ್ನು ಗೇಟಿನ ಬದಿಯ ದಾಸವಾಳದ ಬುಡಕ್ಕೆ ಸುರಿದು ಮನೆಗೆ ಹೋದ. ಮತ್ತೆ ಹತ್ತೊಂಬತ್ತು ವರ್ಷ ಅವರು ಮಾತಾಡಲಿಲ್ಲ. ಅವನು ಮಂದಿರಕ್ಕೆ ಬರಲಿಲ್ಲ, ಇಗರ್ಜಿಗೂ ಹೋಗಲಿಲ್ಲ. ವರ್ಷ ವರ್ಷ ತನ್ನ ಅಂಗಳದಲ್ಲಿ ತಾನೇ ಮಂತ್ರ ಹೇಳಿಕೊಂಡು ಝಂಡಿ ನೆಟ್ಟ.

ಈಗ ಆ ಅಂಗಳದಲ್ಲಿ ಇಬ್ಬರು ಬಿದಿರುಗಳನ್ನು ಅಲುಗಾಡಿಸಿ ಕೀಳುತ್ತಿದ್ದರು. ಕಿತ್ತದ್ದನ್ನು ಕಾಲುವೆಗೆ ಎಸೆಯುತ್ತಿದ್ದರು. ಬಿಸಿಲಿಗೆ ಬಣ್ಣ ಹೋದ ಬಾವುಟವೊಂದು ನೀರಿನ ಮೇಲೆ ಬಿಡಿಸಿಕೊಂಡು ತೇಲುತ್ತಿತ್ತು. ಮನೆಯ ಕೆಳಗೆ ಬಾಡಿಗೆ ಕುರ್ಚಿಗಳು ಬಂದಿದ್ದವು.

“ಅಲ್ಲೇ ನಿಲ್ಲಿ,” ಎಂದ ಪಾಸ್ಟರ್ ಕೆನೆತ್ ಗೇಟಿಗೆ ಅಡ್ಡ ಬಂದು. ಅವನ ತಾತ ಕೆಳಹಳ್ಳಿಯ ರಾಮಲೀಲೆಯಲ್ಲಿ ಇಪ್ಪತ್ತು ವರ್ಷ ದಶರಥನಾಗಿ ನಿಂತವನು. “ಇಲ್ಲಿ ಜಗಳ ಬೇಡ. ದುಃಖದ ಮನೆ ಇದು.”

“ದುಃಖದ ಮನೇಲಿ ಬಿದಿರು ಕೀಳೋಕೆ ಕೈ ಬರುತ್ತಾ ನಿನಗೆ? ಹೆಣ ಇನ್ನೂ ಆಸ್ಪತ್ರೆ ಐಸ್ ಪೆಟ್ಟಿಗೇಲಿದೆ.”

“ಕರ್ತನ ಜನ ಬರೋ ಅಂಗಳ. ಈ ಕಡ್ಡಿ ಬಟ್ಟೆ ಎಲ್ಲ ಇರಬಾರದು.”

“ಕಡ್ಡಿ ಬಟ್ಟೆ! ನಿನ್ನ ಹೆಂಡತಿ ಹುಟ್ಟಿದಾಗ ನೆಟ್ಟಿದ್ದೂ ಅದನ್ನೇ.”

ಮೆಟ್ಟಿಲ ಮೇಲೆ ಇಂದ್ರಾ ಕಾಣಿಸಿಕೊಂಡಳು. ಕಪ್ಪು ಉಡುಪು, ಕಟ್ಟದ ಕೂದಲು. ಅಪ್ಪನದೇ ಅಗಲ ಹಣೆ. ಕೆಳಗಿಳಿದು ಬಂದಳಾದರೂ ಗೇಟನ್ನು ತೆರೆಯಲಿಲ್ಲ. “ಯಾಕೆ ಬಂದ್ರಿ, ಕಾಕಾ?”

“ಅವನು ನನ್ನ ಅಣ್ಣ.”

“ಎಂದಿಂದ?”

ಬಿದಿರು ಕೀಳುತ್ತಿದ್ದವರು ಕೈ ನಿಲ್ಲಿಸಿ ನೋಡತೊಡಗಿದರು.

“ಇಂದ್ರಾ, ಮಗಳೇ, ಅವನನ್ನ ಹೂಳ್ಬೇಡ. ನಿನ್ನ ಅಮ್ಮನ್ನ ಅವನೇ ಕೈಯಾರೆ ಸುಟ್ಟ. ಕಡಲ ಹತ್ರ ಒಬ್ಬನೇ ಸೌದೆ ಹೊತ್ತ. ಊರೆಲ್ಲ ಕಂಡಿದೆ.”

“ಕಂಡಿತು, ಆದ್ರೆ ಹೆಗಲು ಕೊಡೋಕೆ ಬರ್ಲಿಲ್ಲ. ನೀವೂ ಬರ್ಲಿಲ್ಲ. ಮಂತ್ರ ಹೇಳೋಕೆ ಪಂಡಿತ ಬರ್ಲಿಲ್ಲ. ಪುಸ್ತಕದಲ್ಲಿ ಬರೆದಿತ್ತಲ್ಲ!” ಅವಳ ದನಿ ಏರಿತು. “ಮೂರು ವರ್ಷ ಅವನಿಗೆ ಸ್ನಾನ ಮಾಡ್ಸಿದ್ದು ಯಾರು? ಉಚ್ಚೆ ಬಟ್ಟೆ ಒಗೆದಿದ್ದು ಯಾರು? ಈ ಕೈ. ಕೆನೆತ್ ಎತ್ತಿ ಕೂರಿಸ್ತಿದ್ದ. ಇಗರ್ಜಿ ಹೆಂಗಸ್ರು ಗಂಜಿ ತಂದ್ರು. ಮಂದಿರದಿಂದ ಒಂದು ನಾಯಿ ಬಂದಿದ್ರೆ ಹೇಳು.”

“ಅವನಿಗೆ ಏನು ಬೇಕಿತ್ತು? ಅದನ್ನ ಹೇಳು. ಮಣ್ಣು ಬೇಕು ಅಂದ್ನಾ?”

ಕೆನೆತ್ ಇಂದ್ರಾಳ ತೋಳು ಹಿಡಿದ. ಅವಳು ಬಿಡಿಸಿಕೊಂಡಳು.

“ಬೆಂಕಿ ಬೇಕು ಅಂದ. ಸುಳ್ಳು ಹೇಳಲ್ಲ ನಾನು. ಆದ್ರೆ ಅದರ ಬೆನ್ನಿಗೇ ಇನ್ನೊಂದು ಅಂದ. ‘ಮಂದಿರದ ಬಾಗ್ಲಿಗೆ ನನ್ನ ಹೆಣ ಒಯ್ದು ಬೇಡ್ಬೇಡ, ಮಗಳೇ. ಅವರು ತಡೆದ್ರೆ ನಿನಗೆ ಅವಮಾನ.’ ಹಂಗಂದ. ಈಗ ನೀನೇ ಹೇಳು, ಬೆಂಕಿ ಕೊಡೋರು ಯಾರು? ನಿನ್ನ ಪಂಡಿತ ಬರ್ತಾನಾ?” ‘ನೀವು’ ಎಂಬುದು ಯಾವಾಗ ಬಿದ್ದುಹೋಯಿತೆಂದು ಅವಳಿಗೂ ತಿಳಿದಂತಿರಲಿಲ್ಲ. “ಕರ್ಕೊಂಡು ಬಾ ಹೋಗು. ನಾಳೆ ಎರಡು ಗಂಟೆ ಒಳಗೆ ಪಂಡಿತನ್ನ ಈ ಗೇಟಿಗೆ ತಂದು ನಿಲ್ಸು. ಪೆಟ್ಟಿಗೆ ತೆಗೆದು ಅಪ್ಪನ್ನ ನಿನ್ನ ಕೈಗೆ ಕೊಡ್ತೀನಿ.”

“ಇಂದ್ರಾ!” ಎಂದ ಕೆನೆತ್. “ಅವರಿಗೆ ದೀಕ್ಷಾಸ್ನಾನ ಆಗಿದೆ. ಮಿಷನ್ನಿನ ಕಾಗದ ಇದೆ.”

“ಸುಮ್ನಿರು, ಕೆನೆತ್. ಪಂಡಿತ ಬರಲ್ಲ. ಕಾಕಾನೇ ಬರಕೊಟ್ಟಿದಾನೆ.”

ಪಂಡಿತ್ ತುಲಾರಾಮ್ ಗದ್ದೆಯಲ್ಲಿದ್ದರು. ಮೊಣಕಾಲುದ್ದದ ರಬ್ಬರ್ ಬೂಟು, ಬೆನ್ನಿಗೆ ಔಷಧದ ಡಬ್ಬಿ. ಪೂಜೆಯಿಲ್ಲದ ದಿನ ಅವರೂ ಎಲ್ಲರಂತೆ ಭತ್ತದವರು. ಬದುವಿನ ಮೇಲೆ ಏದುತ್ತ ಬಂದ ಸೀಪರ್ಸಾದನನ್ನು ಕಂಡು ಪಂಪಿನ ಹಿಡಿ ನಿಲ್ಲಿಸಿದರು. ಹೇಳಿದ್ದೆಲ್ಲ ಕೇಳಿದರು. ಕೇಳುವಾಗ ಅವರ ಮುಖ ಮೆತ್ತಗಾಗಲಿಲ್ಲ.

“ಬರೋಕಾಗಲ್ಲ,” ಎಂದರು.

“ಇಂದ್ರಾ ಒಪ್ಪಿದಾಳೆ, ಪಂಡಿತ್‌ಜೀ. ನೀವು ಗೇಟಿಗೆ ಬಂದ್ರೆ ಸಾಕು.”

“ಎರಡು ವರ್ಷದ ಹಿಂದೆ ಸೋನ್ಮತಿ ಗಂಡ ಸತ್ತ. ಮಿಷನ್ ಔಷಧಾಲಯದಲ್ಲಿ ಕೆಲಸಕ್ಕೆ ಸೇರೋಕೆ ಅವನೂ ನೀರು ಹಾಕಿಸ್ಕೊಂಡಿದ್ದ. ನಾನು ಚೀಲ ಹಿಡ್ಕೊಂಡು ಹೊರಟಿದ್ದೆ. ಸೇತುವೆ ಮೇಲೆ ನೀವು ಪುಸ್ತಕ ತಂದು ಅಡ್ಡ ನಿಂತ್ರಿ. ಸಾಲಿನ ಕೆಳಗೆ ಬೆರಳಿಟ್ಟು ಓದ್ಸಿದ್ರಿ. ‘ಪಂಡಿತ್‌ಜೀ, ನಿಯಮ ಎಲ್ಲರಿಗೂ ಒಂದೇ’ ಅಂದ್ರಿ. ನೆನಪಿದೆಯಾ?”

“ಇದೆ.”

“ಇವತ್ತು ಅಧ್ಯಕ್ಷರ ಅಣ್ಣ ಅಂತ ನಾನು ಹೋದ್ರೆ, ನಾಳೆ ಸೋನ್ಮತಿ ಮುಖ ನೋಡೋದು ಹೆಂಗೆ?”

“ತಪ್ಪಾಯ್ತು ಅಂತ ನಿಮ್ಮ ಮುಂದೆ ಹೇಳ್ತೀನಿ. ನಿಯಮ ಇವತ್ತೇ ಹೊಡೆದು ಹಾಕ್ತೀನಿ.”

“ನನ್ನ ಮುಂದೆ ಹೇಳಿದ್ರೇನು ಬಂತು? ಸಭೆ ಮುಂದೆ ಬರೆದಿದ್ದನ್ನ ಸಭೆ ಮುಂದೇ ಹೊಡೀಬೇಕು. ಭಾನುವಾರ ಜನ ಸೇರ್ತಾರೆ.”

“ನಾಳೆ ಎರಡು ಗಂಟೆಗೆ ಹೂಳ್ತಾರೆ!”

“ಸೋನ್ಮತಿ ಗಂಡನಿಗೂ ಅಷ್ಟೇ ಹೊತ್ತಿತ್ತು. ಅವನನ್ನೂ ಹೂಳ್ಬೇಕಾಯ್ತು,” ಎಂದು ಪಂಡಿತರು ಪಂಪಿನ ಹಿಡಿ ಹಿಡಿದರು.

ಸೀಪರ್ಸಾದ್ ಬದುವಿನ ಮೇಲೆ ನಿಂತೇ ಇದ್ದ. ಹತ್ತು ಮಾರು ದೂರ ಹೋದ ಪಂಡಿತರು ತಿರುಗಿ ನೋಡಿದಾಗಲೂ ನಿಂತಿದ್ದ. ಬಯ್ಯಬೇಕೆಂದು ಬಾಯಿಗೆ ಬಂದ ಮಾತುಗಳೆಲ್ಲ ಒಂದು ಕಾಲದಲ್ಲಿ ಅವನೇ ಬೇರೆಯವರಿಗೆ ಆಡಿದ್ದವು.

ಗುರುವಾರ ಅವನೂ ರುಕ್ಮಿನ್ನೂ ಬಿಳಿ ಬಟ್ಟೆಯುಟ್ಟು ಮಿಷನ್ ಸ್ಮಶಾನಕ್ಕೆ ಹೋದರು. ಕಡಲಿಗಿಂತ ತಗ್ಗಾದ ನೆಲ. ಎರಡು ಮೊಳ ಅಗೆದರೆ ನೀರು. ಬೆಳಿಗ್ಗೆ ತೋಡಿದ ಕುಣಿಯಲ್ಲಿ ಮೊಣಕಾಲುದ್ದ ಕಂದು ನೀರು ನಿಂತು, ಇಬ್ಬರು ಬಕೆಟಿನಿಂದ ಮೊಗೆದು ಹಾಕುತ್ತಿದ್ದರು. ಮೊಗೆದಷ್ಟೂ ಬರುತ್ತಿತ್ತು. ಇಗರ್ಜಿಯವರು ಗಟ್ಟಿಯಾಗಿ ಹಾಡುತ್ತಿದ್ದರು. ಹಳೆಯ ವಿದ್ಯಾರ್ಥಿಗಳು ತುಂಬ ಬಂದಿದ್ದರು, ಕರಿಯರು, ಹಿಂದೂಗಳು, ಮುಸಲ್ಮಾನರು. ಮಂದಿರದ ಕಮಿಟಿಯಿಂದ ಒಬ್ಬನೂ ಇಲ್ಲ.

ಮುಖ ನೋಡಲು ಪೆಟ್ಟಿಗೆ ತೆರೆದರು. ಕೋಟು, ಟೈ, ಎದೆಯ ಮೇಲೆ ಬೈಬಲ್. ಅಣ್ಣ ಅಷ್ಟು ಸಣ್ಣಗಾಗಿದ್ದನೆಂದು ಸೀಪರ್ಸಾದ್ ತಿಳಿದಿರಲಿಲ್ಲ. ಸಾಲಿನಲ್ಲಿ ನಿಂತು ಮುಂದೆ ಹೋಗಿ ಬಗ್ಗಿದ. ಮುಷ್ಟಿಯಲ್ಲಿದ್ದ ತುಳಸಿಯ ದಳವನ್ನು ಅಣ್ಣನ ತುಟಿಗಳ ನಡುವೆ ಇಟ್ಟು, ಪುಟ್ಟ ಸೀಸೆಯಿಂದ ಎರಡು ಹನಿ ಗಂಗೆ ಬಿಟ್ಟ. ಮೂರನೆಯ ಹನಿಗೆ ಇಂದ್ರಾ ಅವನ ಮಣಿಕಟ್ಟು ಹಿಡಿದಳು. ಬಲವಾಗಿ ಹಿಡಿದಳು.

“ಪಂಡಿತ ಎಲ್ಲಿ?” ಎಂದಳು, ಇಬ್ಬರಿಗೆ ಮಾತ್ರ ಕೇಳುವಂತೆ.

ಅವನು ಇಲ್ಲವೆಂದು ತಲೆಯಾಡಿಸಿದ.

“ಹಂಗಾದ್ರೆ ಕೈ ತೆಗಿ.”

ಕೆನೆತ್ ಕರವಸ್ತ್ರ ತೆಗೆದು ಹೆಣದ ತುಟಿಯನ್ನು ಒರೆಸಿದ. ತುಳಸಿಯ ದಳ ಬಟ್ಟೆಯ ಮಡಿಕೆಯೊಳಗೆ ಸೇರಿ ಅವನ ಜೇಬಿಗೆ ಹೋಯಿತು. ಯಾರೋ “ಆ ಮುದುಕನ್ನ ಆಚೆ ಕರ್ಕೊಂಡು ಹೋಗ್ರಪ್ಪ” ಎಂದರು. ರುಕ್ಮಿನ್ ಅವನ ತೋಳು ಹಿಡಿದು ಬೇಲಿಯ ತನಕ ನಡೆಸಿಕೊಂಡು ಬಂದಳು. ಅಲ್ಲಿಂದ ನೋಡಿದರು. ಪೆಟ್ಟಿಗೆ ನೀರಿನ ಮೇಲೆ ತೇಲಿತು. ಒಬ್ಬ ಅದರ ಮೇಲೆ ಕಾಲಿಟ್ಟು ಒತ್ತಿದ, ಇಬ್ಬರು ಹಸಿಮಣ್ಣಿನ ಹೆಂಟೆಗಳನ್ನು ಎತ್ತಿ ಹಾಕಿದರು. ಬೇಲಿಯ ಕಂಬ ಹಿಡಿದು ಸೀಪರ್ಸಾದ್ ಅತ್ತ. ಮೊದಲ ಸಲ ಅತ್ತದ್ದು ಆಗಲೇ. ಹಾಡು ಜೋರಾಗಿದ್ದರಿಂದ ಯಾರಿಗೂ ಕೇಳಲಿಲ್ಲ.

ಶನಿವಾರ ಬೆಳಿಗ್ಗೆ ಅವನು ಪಂಡಿತರ ಮನೆಗೆ ಹೋದ. ಮೆಟ್ಟಿಲ ಕೆಳಗೇ ನಿಂತು ಕೇಳಿದ, “ಮೀನಿಗೆ ಹೋದವರು ಕಡಲಲ್ಲಿ ಸಿಗದೇ ಇದ್ರೆ ಹುಲ್ಲಿನ ದೇಹ ಮಾಡಿ ಸುಡ್ತೀವಲ್ಲ. ಅದು ಆಗುತ್ತಾ?”

“ಅದು ಹೆಣ ಸಿಗದವರಿಗೆ.”

“ನನಗೂ ಸಿಕ್ಕಿಲ್ಲ.”

ಪಂಡಿತರು ಒಂದು ಮೆಟ್ಟಿಲು ಇಳಿದರು. “ಮೊದಲು ನಾಳೆ ಸಭೆ ಆಗ್ಲಿ,” ಎಂದರು.

ಭಾನುವಾರ ಆರತಿಯಾದ ಮೇಲೆ ಸೀಪರ್ಸಾದ್ ಎದ್ದು ನಿಂತ. ಅಧ್ಯಕ್ಷನ ಜಾಗ ಮೂರ್ತಿಗಳ ಬಲಕ್ಕೆ, ಮೇಲಿನ ಕಟ್ಟೆಯಲ್ಲಿ. ಅಲ್ಲಿಂದ ಇಳಿದು, ಜನ ಕುಳಿತ ಚಾಪೆಯ ಅಂಚಿನಲ್ಲಿ ನಿಂತ. ಪುಸ್ತಕ ಕೈಯಲ್ಲಿತ್ತು. ಮೂವತ್ತು ವರ್ಷ ಇದೇ ಜನರ ಮುಂದೆ ಮಾತಾಡಿದವನು ಆ ಪುಟ ತೆರೆದು ಹಿಡಿದ.

“ಹತ್ತೊಂಬತ್ತು ವರ್ಷದ ಹಿಂದೆ ಇದರಲ್ಲಿ ನಾನೊಂದು ಬರೆದೆ. ಅದು ತಪ್ಪು. ಹೊಡೆದು ಹಾಕ್ತಿದೀನಿ. ನನ್ನ ಅಣ್ಣ ನಮ್ಮನ್ನ ಬಿಟ್ಟು ಹೋಗಿರ್ಲಿಲ್ಲ. ಅವನು ಇಗರ್ಜಿಗೆ ಹೋಗಿದ್ದು ನಾನು ಇಲ್ಲಿ ಕೂರೋ ಹಾಗಾಗ್ಲಿ ಅಂತ. ಅದು ನನಗೆ ಅವತ್ತೇ ಗೊತ್ತಿತ್ತು.”

“ಅವತ್ತೇ ಗೊತ್ತಿತ್ತಾ?” ಎಂದ ಖಜಾಂಚಿ ಮೋತಿ, ಕುಳಿತಲ್ಲಿಂದಲೇ. “ಹಂಗಾದ್ರೆ ಇಷ್ಟು ವರ್ಷ ನಾವೆಲ್ಲ ನಿಮ್ಮ ಹಿಂದೆ ಕುಣಿದಿದ್ದು ಯಾಕೆ, ಅಧ್ಯಕ್ಷರೇ? ನನ್ನ ಸ್ವಂತ ಷಡ್ಡಕನ್ನ ಮನೆಗೆ ಸೇರಿಸ್ಲಿಲ್ಲ ನಾನು. ನಿಮ್ಮ ಮಾತು ಕೇಳಿ.”

“ನಿನ್ನ ಬುದ್ಧಿ ಎಲ್ಲಿತ್ತೋ, ಮೋತಿ?” ಎಂದು ಹಿಂದಿನಿಂದ ಒಬ್ಬ ಕೂಗಿದ. ಕೆಲವರು ನಕ್ಕರು. ಅದು ಒಳ್ಳೆಯ ನಗೆಯಾಗಿರಲಿಲ್ಲ.

ಹೆಂಗಸರ ಕಡೆಯಿಂದ ಸೋನ್ಮತಿ ಎದ್ದಳು. ಕುಳ್ಳಗಿನ, ಒಣಗಿದ ಹೆಂಗಸು. ಗಂಡ ಸತ್ತ ಮೇಲೂ ಪ್ರತಿ ಭಾನುವಾರ ಬಂದು ಕೊನೆಯ ಕಂಬದ ಬಳಿ ಕೂರುವುದನ್ನು ಬಿಟ್ಟಿರಲಿಲ್ಲ. ಅವಳ ನೆತ್ತಿಗೆ ಯಾರೂ ನೀರು ಹಾಕಿರಲಿಲ್ಲವಾದ್ದರಿಂದ ತಡೆಯಲು ನಿಯಮವಿರಲಿಲ್ಲ.

“ನನ್ನ ಗಂಡ ಹೋದಾಗ ನಿನ್ನ ಕಾಲಿಗೆ ಬಿದ್ದೆ ನಾನು. ಸೇತುವೆ ಮೇಲೆ. ಕಾಲು ಹಿಂದಕ್ಕೆ ಎಳ್ಕೊಂಡೆ ನೀನು. ಮುಟ್ಟಿದ್ರೆ ಮೈಲಿಗೆ ಅನ್ನೋ ಹಂಗೆ.” ಅವಳು ಕಿರುಚಲಿಲ್ಲ. “ಈಗ ನಿನ್ನ ಮನೇಲಿ ಸಾವಾಯ್ತು, ಪುಸ್ತಕ ತಪ್ಪಾಯ್ತು. ನಿನ್ನ ಅಣ್ಣನಿಗೆ ಹುಲ್ಲಿನ ದೇಹ ಸುಡ್ತೀಯಂತೆ. ಊರೆಲ್ಲ ಹೇಳ್ತಿದೆ. ನನ್ನ ಗಂಡನಿಗೆ?”

“ಅವನಿಗೂ ಮಾಡೋಣ, ಸೋನ್ಮತಿ. ಒಟ್ಟಿಗೇ.”

“ಒಟ್ಟಿಗೆ ಬೇಡ. ಮೊದಲು ನನ್ನ ಗಂಡನಿಗೆ. ಅವನು ಮೊದಲು ಸತ್ತ. ಅವನ ಹುಲ್ಲನ್ನ ನೀನೇ ಹೊರಬೇಕು.”

“ಹೊರ್ತೀನಿ.”

“ಹೊತ್ತರೂ ನಿನ್ನನ್ನ ಕ್ಷಮಿಸಲ್ಲ.”

“ಬೇಡ,” ಎಂದ ಸೀಪರ್ಸಾದ್. ಪುಸ್ತಕವನ್ನು ಚಾಪೆಯ ಮೇಲಿಟ್ಟು, ಮೊಣಕಾಲೂರಿ, ಆ ಪುಟದ ಮೇಲೆ ಅಡ್ಡ ಗೆರೆ ಎಳೆದ. ಗೆರೆ ಸೊಟ್ಟಗಾಯಿತು. ಕೆಳಗೆ ರುಜು ಹಾಕಿದ. ಅಧ್ಯಕ್ಷತೆಯನ್ನೂ ಬಿಡುತ್ತೇನೆಂದು ಬರೆದ. ಬೇಡವೆಂದು ಯಾರೂ ಹೇಳಲಿಲ್ಲ. ಮೋತಿ ಬಗ್ಗಿ ಪುಸ್ತಕವನ್ನು ಎತ್ತಿಕೊಂಡ.

ಸೋಮವಾರ ಕಡಲ ಇಳಿತದ ಹೊತ್ತು ನೋಡಿ, ಬೆಳಿಗ್ಗೆ ಒಂಬತ್ತಕ್ಕೆ ತೀರದ ಒಡ್ಡಿನಾಚೆ ಇಳಿದರು. ಎಂಟು ಜನ. ಪಂಡಿತರ ಹಿತ್ತಿಲಿನ ದರ್ಭೆ ಒಂದು ದೇಹಕ್ಕೂ ಸಾಲುತ್ತಿರಲಿಲ್ಲ. ಉಳಿದದ್ದಕ್ಕೆ ಸೀಪರ್ಸಾದನ ಗದ್ದೆಯದೇ ಭತ್ತದ ಹುಲ್ಲು. ಎರಡು ದೇಹಗಳನ್ನೂ ಅವನು ಹಿಂದಿನ ದಿನ ಮಧ್ಯಾಹ್ನದಿಂದ ಸಂಜೆಯವರೆಗೆ ಕುಳಿತು ಕಟ್ಟಿದ್ದ. ತಲೆಗೆ ತೆಂಗಿನಕಾಯಿ, ಎದೆಗೆ ಜೋಳದ ಹಿಟ್ಟು, ಮೈಗೆ ಬಿಳಿ ಬಟ್ಟೆ. ಸೋನ್ಮತಿಯ ಗಂಡನದನ್ನು ಮೊದಲು ಹೆಗಲ ಮೇಲೆ ಹೊತ್ತು ಕೆಸರಿನಲ್ಲಿ ಕಾಲು ಹೂತು ಹೂತು ನಡೆದ. ಅರುವತ್ತಾರರ ಮುದುಕ, ಎರಡು ಸಲ ಮುಗ್ಗರಿಸಿದ. ಸೋನ್ಮತಿ ಹಿಂದೆಯೇ ಬಂದಳು, ಕೈ ಕೊಡಲಿಲ್ಲ. ಅವಳ ಮಗ ಬೆಂಕಿಯಿಟ್ಟ. ಅದು ಉರಿದು ಮುಗಿಯುವವರೆಗೆ ಸೀಪರ್ಸಾದ್ ತಲೆ ತಗ್ಗಿಸಿ ನಿಂತಿದ್ದು, ಆಮೇಲೆ ಅಣ್ಣನ ಹುಲ್ಲನ್ನು ತರಲು ಹೋದ.

ಅದನ್ನು ಸೌದೆಯ ಮೇಲೆ ಮಲಗಿಸುವಾಗ ಒಡ್ಡಿನ ಮೇಲಿಂದ ಕೂಗು ಬಂತು. ಇಂದ್ರಾ. ಒಬ್ಬಳೇ, ಕಪ್ಪು ಕೊಡೆ ಹಿಡಿದು.

“ನನ್ನ ಅಪ್ಪನ್ನ ಎರಡನೇ ಸಲ ಸಾಯ್ಸೋಕೆ ಬಂದ್ಯಾ, ಕಾಕಾ?”

ಗಾಳಿ ಕಡಲ ಕಡೆಯಿಂದ ಬೀಸುತ್ತಿತ್ತು. ಅವನು ಹುಲ್ಲಿನ ಮೇಲಿನ ಬಿಳಿ ಬಟ್ಟೆ ಹಾರದಂತೆ ಅಂಚನ್ನು ಒಳಗೆ ಸಿಕ್ಕಿಸಿದ.

“ಎರಡು ಗಂಟೆ ಅಂದಿದ್ದೆ ನಾನು! ನಾಲ್ಕು ದಿನ ಆಯ್ತು! ಹುಲ್ಲು ಸುಟ್ಕೋ! ಅದು ನನ್ನಪ್ಪ ಅಲ್ಲ!”

ರುಕ್ಮಿನ್ ಒಡ್ಡಿನ ಕಡೆಗೆ ಎರಡು ಹೆಜ್ಜೆ ಇಟ್ಟಳು. “ಕೆಳಗೆ ಬಾರಮ್ಮ,” ಎಂದು ಕರೆದಳು. ಇಂದ್ರಾ ಬರಲಿಲ್ಲ. ಹೋಗಲೂ ಇಲ್ಲ.

ಪಂಡಿತರು ಸಂಕಲ್ಪಕ್ಕೆ ಕುಳಿತು ನೀರು ಹಿಡಿದರು. “ಹೋದವರ ಹೆಸರು?”

“ದೇವನರೈನ್.” ಸೀಪರ್ಸಾದ್ ಸ್ವಲ್ಪ ತಡೆದು ಹೇಳಿದ, “ಜೋಸೆಫ್ ಅಂತಾನೂ ಸೇರ್ಸಿ.”

“ಸಂಕಲ್ಪದಲ್ಲಾ?”

“ಐವತ್ತು ವರ್ಷ ಮಕ್ಕಳು ಅವನನ್ನ ಹಂಗೇ ಕರೆದಿದ್ದು. ಕರೆದಾಗೆಲ್ಲ ಓಗೊಟ್ಟಿದಾನೆ. ಅದನ್ನೂ ಹೇಳಿ, ಪಂಡಿತ್‌ಜೀ. ನಾನು ಬೈಗುಳ ಮಾಡಿದ್ದೆ ಆ ಹೆಸರನ್ನ.”

ಪಂಡಿತರು ಕಡಲ ಕಡೆ ನೋಡಿದರು, ಹಿಡಿದ ನೀರನ್ನು ನೋಡಿದರು, ಆಮೇಲೆ ಎರಡೂ ಹೆಸರು ಹೇಳಿ ನೀರು ಬಿಟ್ಟರು. ಸೋನ್ಮತಿ ಕೇಳಿಸಿಕೊಂಡಳು. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ತುಪ್ಪದ ಬಟ್ಟಲನ್ನು ಮಾತ್ರ ಅವನ ಕಡೆಗೆ ಸರಿಸಿದಳು.

ಸೀಪರ್ಸಾದ್ ಪ್ರದಕ್ಷಿಣೆ ಬಂದು ಬೆಂಕಿಯಿಟ್ಟ. ಒಣಹುಲ್ಲು ಒಮ್ಮೆಲೇ ಹತ್ತಿತು. ಮನುಷ್ಯನ ದೇಹ ಉರಿಯಲು ತೆಗೆದುಕೊಳ್ಳುವ ಹೊತ್ತು ಅದಕ್ಕೆ ಬೇಕಿರಲಿಲ್ಲ. ತೆಂಗಿನಕಾಯಿ ಸಿಡಿದ ಸದ್ದಿಗೆ ಕಡಲಂಚಿನ ಕೆಸರಲ್ಲಿ ಬೆಳೆಯುವ ಕುರಿಡಾ ಮರಗಳಿಂದ ಬೆಳ್ಳಕ್ಕಿಗಳು ಎದ್ದವು. ಕಂದು ನೀರು ಹಿಂದಿರುಗಿ ಬರತೊಡಗಿತ್ತು; ಕೆಸರಿನ ಬಿರುಕುಗಳಲ್ಲಿ ಮೊದಲು ತುಂಬಿ, ಆಮೇಲೆ ಒಂದೇ ಹಾಳೆಯಾಗಿ ಸೌದೆಯ ಬೂದಿಯತ್ತ ಸರಿಯಿತು. ಉಳಿದವರು ಒಡ್ಡಿನ ಕಡೆಗೆ ಹೊರಟರು. ಮೇಲೆ ಕಪ್ಪು ಕೊಡೆ ಹಾಗೇ ಇತ್ತು.

ಅವನು ಪಾದ ಮುಳುಗುವ ನೀರಿನಲ್ಲಿ ನಿಂತು ಕೈ ಜೋಡಿಸಿದ. ಕಲಿತ ಮಂತ್ರ ಯಾವುದೂ ಬಾಯಿಗೆ ಬರಲಿಲ್ಲ.

“ಭಗವಂತಾ, ಇವನು ನನ್ನ ಅಣ್ಣ. ಮಣ್ಣಲ್ಲಿರೋನೂ ಇವನೇ, ಈ ಬೂದೀಲಿರೋನೂ ಇವನೇ. ನಿನ್ನ ಬಾಗ್ಲಲ್ಲಿ ಯಾರೂ ಇವನನ್ನ ಏನೂ ಕೇಳ್ದೇ ಇರ್ಲಿ. ನಡೆದು ನಡೆದು ಸಾಕಾಗಿದೆ ಇವನಿಗೆ. ಕರೆದು ಹತ್ರ ಕೂರಿಸ್ಕೋ. ಶಾಂತಿ ಕೊಡು, ತಂದೆ. ಶಾಂತಿ ಕೊಡು.”